ಕಲಿಯಾಕತ್ತೀಯೋ, ದುಡಿಯಾಕತ್ತೀಯೋ?

ರೋಣದ ಬಸ್ ನಿಲ್ದಾಣದಲ್ಲಿ ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ಗದಗದ ಬಸ್ಸಿಗೆ ಕಾದು ನಿಂತ ಹುಡುಗನನ್ನು ಕಂಡರೆ ಊರಿನ ಹಿರಿಯರು ಸುಮ್ಮನೆ ಹೋಗುವುದಿಲ್ಲ. ‘ಏನ್ ತಮ್ಮಾ, ಇನ್ನೂ ಕಲಿಯಾಕತ್ತೀಯೋ, ದುಡಿಯಾಕತ್ತೀಯೋ?’ ‘ಎರಡೂ ರೀ ಕಾಕಾ’ ಅಂದರೆ ಅವರಿಗೆ ಸಮಾಧಾನವಿಲ್ಲ. ‘ಪಗಾರ ಎಷ್ಟ ಕೊಡ್ತಾರ?’ ಎಂದು ಮುಂದಿನ ಪ್ರಶ್ನೆ. ತಿಂಗಳಿಗೆ ಎರಡು ಸಾವಿರ ಎಂದು ಹೇಳಲು ಹುಡುಗನ ನಾಲಿಗೆ ಹಿಂಜರಿಯುತ್ತದೆ. ಕೇಳಿದ ಕಾಕಾ ಅದೇ ವಾರ ಕಳೆ ತೆಗೆದ ಆಳುಗಳಿಗೆ ಕೂಲಿ ಲೆಕ್ಕ ಮಾಡಿ ಬಂದಿರುತ್ತಾರೆ. ಸಿಎ ಆಗಲು ಹೊರಟವನಿಗಿಂತ ಕುಡುಗೋಲು ಹಿಡಿದವರೇ ವಾಸಿ ಎಂಬ ತೀರ್ಮಾನ ಅವರ ಮುಖದ ಮೇಲೆಯೇ ಕಾಣುತ್ತದೆ.

ಚಾರ್ಟರ್ಡ್ ಅಕೌಂಟೆಂಟ್ ಆಗುವ ಹಾದಿಯಲ್ಲಿ ಆಡಿಟರ್ ಆಫೀಸಿನ ಕೆಲಸ ಮತ್ತು ಪರೀಕ್ಷೆಯ ಪುಸ್ತಕ ಎರಡನ್ನೂ ಒಟ್ಟಿಗೆ ಹೊರಬೇಕಾದ ಕಾಲಕ್ಕೆ ಆರ್ಟಿಕಲ್‌ಶಿಪ್ ಎಂದು ಹೆಸರು. ವಕೀಲರು ಕಾಲೇಜು ಮುಗಿಸಿ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಡಾಕ್ಟರರಾಗುವವರು ಓದಿನ ಕೊನೆಗೆ ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿಯುತ್ತಾರೆ. ಲೆಕ್ಕದವರಿಗೆ ದುಡಿಮೆ ಬರುವುದು ಇಂಟರ್, ಫೈನಲ್ ಎಂಬ ಎರಡು ದೊಡ್ಡ ಪರೀಕ್ಷೆಗಳ ನಡುವೆ. ಇದನ್ನು ತೂಗಿಸಿಕೊಂಡು ಹೋಗುವುದು ಹೇಗೆ ಎಂದರೆ ಕೋಚಿಂಗ್ ಕ್ಲಾಸಿನವರು, ರ‍್ಯಾಂಕ್ ಬಂದವರು, ಯೂಟ್ಯೂಬಿನ ಗುರುಗಳು ಒಂದೇ ಮಾತು ಹೇಳುತ್ತಾರೆ: ನಸುಕಿನ ನಾಲ್ಕಕ್ಕೆ ಏಳು, ಆಫೀಸಿಗೆ ಹೋಗುವ ಮೊದಲು ಎರಡು ತಾಸು ಓದು, ಮೊಬೈಲ್ ಬದಿಗಿಡು, ರವಿವಾರ ಪುನಃ ತಿರುವಿ ಹಾಕು. ತಪ್ಪೇನಿಲ್ಲ. ಆದರೆ ಅದು ಆಫೀಸಿನ ಹಿಂದಿನ ಗಲ್ಲಿಯಲ್ಲಿ ಮನೆ ಇರುವವರಿಗೆ ಹೇಳಿದ ಮಾತು. ರೋಣ, ನರಗುಂದ, ಗಜೇಂದ್ರಗಡದ ಮಕ್ಕಳ ಮೇಲೆ ಆಫೀಸು, ಪುಸ್ತಕಗಳ ಜೊತೆಗೆ ಹಾದಿ ಮತ್ತು ಹೊಲದ ಭಾರವೂ ಬೀಳುತ್ತದೆ. ಹುಡುಗನ ಅಲಾರಾಂ ಎಷ್ಟಕ್ಕೆ ಬಾರಿಸುತ್ತದೆ ಎನ್ನುವುದಕ್ಕಿಂತ ಸಿಎ ಸಂಸ್ಥೆಯ ನಿಯಮ, ಬಸ್ಸಿನ ವೇಳೆ, ಆಡಿಟರ್ ಸಾಹೇಬರ ಮನಸ್ಸು ಇಲ್ಲಿ ಹೆಚ್ಚು ತೂಗುತ್ತವೆ ಎಂಬುದು ನನ್ನ ತಿಳಿವಳಿಕೆ.

ದುಡಿಯುತ್ತ ಲೆಕ್ಕ ಕಲಿಯುವುದು ಈ ಸೀಮೆಗೆ ಹೊಸದಲ್ಲ. ಗಜೇಂದ್ರಗಡದ ಹತ್ತಿರದ ಸೂಡಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಟಂಕಶಾಲೆ ಇದ್ದ ಊರು. ನಾಣ್ಯ ಅಚ್ಚಾಗುವ ಊರಲ್ಲಿ ಲೆಕ್ಕಿಗರು ಇಲ್ಲದೆ ಇರುತ್ತಾರೆಯೇ? ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಅಜ್ಜಂದಿರ ಕಾಲದ ದಲಾಲಿ ಅಂಗಡಿಯನ್ನು ನೆನೆಸಿಕೊಳ್ಳಿ. ಗಾದಿಯ ಮೇಲೆ ಸಾವಕಾರ, ಪಕ್ಕದಲ್ಲಿ ಇಳಿಜಾರು ಡೆಸ್ಕಿನ ಮುಂದೆ ದಿವಾನಜಿ, ಅವರ ಬೆನ್ನ ಹಿಂದೆ ಒಬ್ಬ ಪೋರ. ಪೋರ ಮೊದಲ ವರ್ಷ ಚಹಾ ತರುತ್ತಿದ್ದ, ಎರಡನೆಯ ವರ್ಷ ರೋಜು ಕೀರ್ದಿ ಬರೆಯುತ್ತಿದ್ದ, ಆಮೇಲೆ ಖಾತೆಗೆ ಖತಾವಣಿ ಮಾಡುತ್ತಿದ್ದ. ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ಕೀರ್ದಿಗೆ ಕುಂಕುಮ ಹಚ್ಚುವ ಹೊತ್ತಿಗೆ ಹಳೆಯದರ ಜಮಾ-ಖರ್ಚು ತಾಳೆಯಾಗದಿದ್ದರೆ ಆ ರಾತ್ರಿ ದಿವಾನಜಿಗೂ ನಿದ್ದೆ ಇಲ್ಲ, ಪೋರನಿಗೂ ಇಲ್ಲ. ಅವನಿಗೆ ಪರೀಕ್ಷೆ ಎಂಬುದೇ ಇರಲಿಲ್ಲ. ಕೆಲಸವೇ ಓದು, ತಾಳೆಪಟ್ಟಿಯೇ ಫಲಿತಾಂಶ.

ಕೆಲಸವನ್ನೂ ಪರೀಕ್ಷೆಯನ್ನೂ ಒಂದಕ್ಕೊಂದು ಗಂಟು ಹಾಕಿದ್ದು ಆಧುನಿಕ ಕಾಯ್ದೆ. ಬ್ರಿಟಿಷರ ಕಾಲದಲ್ಲಿ ಈ ಸೀಮೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಮುಂಬೈಯಲ್ಲಿ 1913ರಲ್ಲಿ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜು ಆರಂಭವಾಯಿತು. 1918ರಲ್ಲಿ ಅಲ್ಲಿನ ಸರ್ಕಾರ ಜಿ.ಡಿ.ಎ. ಎಂಬ ಲೆಕ್ಕಶಾಸ್ತ್ರದ ಡಿಪ್ಲೊಮಾ ತಂದಿತು. ಅದಕ್ಕೂ ಮೊದಲೇ, 1905ರಲ್ಲಿ, ಗದಗದ ಪಕ್ಕದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದ್ದರು. 1904ರ ಕಾಯ್ದೆಯ ಬೆನ್ನಿಗೇ ಹುಟ್ಟಿದ ಆ ಸಂಘದಿಂದಾಗಿ ರೈತನ ಸಾಲ ಸಾವಕಾರನ ಖಾಸಗಿ ಚೋಪಡಿಯಿಂದ ಹೊರಬಂದು, ಬೇರೆಯವರು ತಪಾಸಣೆ ಮಾಡುವ ಪುಸ್ತಕಕ್ಕೆ ಸೇರಿತು. ಇವತ್ತು ಗದಗ ಜಿಲ್ಲೆಯ ಯಾವ ಊರಿಗೆ ಹೋದರೂ ಕಾಣುವ ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳ ಬೋರ್ಡುಗಳು ಅದೇ ಬಳ್ಳಿಯ ಕುಡಿಗಳು. ಅವುಗಳ ಲೆಕ್ಕ ತಪಾಸಣೆಗೆ ಬರುವ ಆಡಿಟರರ ಹಿಂದೆ ವೋಚರ್ ಕಟ್ಟು ಹಿಡಿದು ಬರುವವನೇ ನಮ್ಮ ಆರ್ಟಿಕಲ್ ಹುಡುಗ.

ಭಾರತೀಯ ಚಾರ್ಟರ್ಡ್ ಅಕೌಂಟೆಂಟುಗಳ ಸಂಸ್ಥೆ 1949ರ ಜುಲೈ 1ರಂದು ಸ್ಥಾಪನೆಯಾಯಿತು. ಅಲ್ಲಿಂದ ಈಚೆಗೆ ತರಬೇತಿಯ ಅವಧಿ ಹಲವು ಸಲ ಬದಲಾಗಿದೆ. ನಾನು ಆರ್ಟಿಕಲ್ ಮಾಡಿದ್ದು ಮೂರು ವರ್ಷದ ಕಾಲದಲ್ಲಿ. ಆಗ ಇಂಟರ್ ಪರೀಕ್ಷೆಯ ಒಂದು ಗ್ರೂಪ್ ಪಾಸಾದರೆ ಆಫೀಸು ಸೇರಬಹುದಿತ್ತು. ಇನ್ನೊಂದು ಗ್ರೂಪು ಕೆಲಸದ ನಡುವೆ, ಫೈನಲ್ಲೂ ಕೆಲಸದ ಕೊನೆಯ ತಿಂಗಳುಗಳಲ್ಲಿ. ಮೂರು ವರ್ಷಕ್ಕೆ 156 ದಿನ ರಜೆ ನಿಯಮದಲ್ಲಿತ್ತು. ನಿಯಮದಲ್ಲಿ ಇದ್ದದ್ದೆಲ್ಲ ಕೈಗೆ ಸಿಗುವುದಿಲ್ಲ ಎಂಬುದನ್ನು ನಾನು ಕಲಿತದ್ದು ಆಗಲೇ. ಪರೀಕ್ಷೆಗೆ ಎರಡು ತಿಂಗಳು ರಜೆ ಕೇಳಿದಾಗ ನನ್ನ ಸಾಹೇಬರು ಫೈಲಿನಿಂದ ತಲೆ ಎತ್ತದೆ ‘ನೋಡೋಣು’ ಅಂದರು. ಆ ‘ನೋಡೋಣು’ ಪರೀಕ್ಷೆಗೆ ಹದಿನೆಂಟು ದಿನ ಉಳಿದಾಗ ‘ಹೋಗಿ ಬಾ’ ಆಯಿತು. ಆ ಸಲ ಫೇಲಾದೆ. ತಪ್ಪು ಅವರೊಬ್ಬರದೇ ಎನ್ನಲಾರೆ. ಸೆಪ್ಟೆಂಬರಿನಲ್ಲಿ ಅವರ ಟೇಬಲ್ಲಿನ ಮೇಲೆ ಅರವತ್ತು ಫೈಲುಗಳಿದ್ದವು, ಆಫೀಸಿನಲ್ಲಿ ನಾವು ಇದ್ದದ್ದು ಇಬ್ಬರು.

2023ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಯೋಜನೆ ಈ ಜಗ್ಗಾಟವನ್ನು ಬೇರೆ ರೀತಿ ಬಿಡಿಸಲು ನೋಡಿತು. ತರಬೇತಿ ಮೂರು ವರ್ಷದಿಂದ ಎರಡಕ್ಕೆ ಇಳಿಯಿತು. ಇಂಟರಿನ ಎರಡೂ ಗ್ರೂಪ್, ಅಂದರೆ ಆರೂ ಪೇಪರ್ ಪಾಸಾದ ಮೇಲೆಯೇ ಆಫೀಸಿನ ಬಾಗಿಲು. ಎರಡು ವರ್ಷ ಮುಗಿದ ಮೇಲೆ ಆರು ತಿಂಗಳು ಬಿಟ್ಟು ಫೈನಲ್. ಆ ಆರು ತಿಂಗಳು ಪೂರ್ತಿ ಓದಿಗೆ. ಅದಕ್ಕೆ ಬದಲಾಗಿ ತರಬೇತಿಯ ನಡುವಿನ ರಜೆ ವರ್ಷಕ್ಕೆ 12 ದಿನ. ಸಂಸ್ಥೆಯ ಯೋಚನೆ ಅರ್ಥವಾಗುವಂಥದ್ದೇ: ಓದುವಾಗ ಓದು, ದುಡಿಯುವಾಗ ದುಡಿ. ರಜೆಗಾಗಿ ಸಾಹೇಬರ ಮುಂದೆ ಕೈಕಟ್ಟಿ ನಿಲ್ಲುವ ಪಾಡು ಬಹುಮಟ್ಟಿಗೆ ತಪ್ಪಿತು. ಪರೀಕ್ಷೆಗಳೂ ಹೆಚ್ಚಾದವು: ಫೌಂಡೇಶನ್, ಇಂಟರ್ 2024ರಿಂದ ವರ್ಷಕ್ಕೆ ಮೂರು ಸಲ, 2025ರಲ್ಲಿ ಫೈನಲ್ ಕೂಡ. ಒಮ್ಮೆ ಬಿದ್ದವನು ಆರು ತಿಂಗಳು ಮುಖ ಮರೆಸಿಕೊಂಡು ಓಡಾಡುವುದು ತಪ್ಪಿತು.

ಹೊಸ ಯೋಜನೆಯನ್ನು ಹೊಗಳುವವರು ಇಲ್ಲಿಗೇ ನಿಲ್ಲುತ್ತಾರೆ. ನರಗುಂದದ ಕಡೆಯಿಂದ ನೋಡಿದರೆ ಇನ್ನೊಂದು ಮಗ್ಗುಲು ಕಾಣುತ್ತದೆ. ಹಳೆಯ ಪದ್ಧತಿಯಲ್ಲಿ ಒಂದು ಗ್ರೂಪ್ ದಾಟಿದವನು ಚಿಕ್ಕದೋ ಪುಟ್ಟದೋ ಒಂದು ಸ್ಟೈಪೆಂಡಿನ ಆಸರೆಯಲ್ಲಿ ಇನ್ನೊಂದಕ್ಕೆ ಓದುತ್ತಿದ್ದ. ಈಗ ಎರಡೂ ಗ್ರೂಪ್ ಆಗುವ ತನಕ ಒಂದು ಪೈಸೆ ಇಲ್ಲ. ತರಬೇತಿ ಮುಗಿದ ಮೇಲಿನ ಆರು ತಿಂಗಳೂ ಸ್ಟೈಪೆಂಡ್ ಇಲ್ಲ. ಅಪ್ಪನ ಬ್ಯಾಂಕ್ ಖಾತೆ ಗಟ್ಟಿ ಇರುವ ಬೆಂಗಳೂರಿನ ಹುಡುಗನಿಗೆ ಆ ಆರು ತಿಂಗಳು ವರದಾನ. ಮಳೆ ಕೈಕೊಟ್ಟ ವರ್ಷ ಎರಡು ಎಕರೆ ಎರೆಹೊಲ ನಂಬಿದ ಮನೆಯ ಹುಡುಗನಿಗೆ ಅದು ಆರು ತಿಂಗಳ ಸಾಲ. ಹೀಗಾಗಿ ಅವನು ಯಾವುದೋ ಗೊಬ್ಬರದ ಅಂಗಡಿಯಲ್ಲಿ ಸಂಜೆ ಟ್ಯಾಲಿ ಬರೆಯಲು ಕುಳಿತುಕೊಳ್ಳುತ್ತಾನೆ. ಓದಿನಿಂದ ಬೇರ್ಪಡಿಸಿದ ದುಡಿಮೆ ಹಿಂದಿನ ಬಾಗಿಲಿನಿಂದ ಒಳಗೆ ಬರುತ್ತದೆ. ಈಗ ಅದಕ್ಕೆ ತರಬೇತಿ ಎಂಬ ಮಾನ್ಯತೆಯೂ ಇಲ್ಲ.

ಸ್ಟೈಪೆಂಡಿನ ಲೆಕ್ಕ ಇನ್ನೂ ಸ್ವಾರಸ್ಯ. ಕನಿಷ್ಠ ಎಷ್ಟು ಕೊಡಬೇಕು ಎಂಬುದನ್ನು ನಿಯಮ ಊರಿನ ಜನಸಂಖ್ಯೆ ನೋಡಿ ಹೇಳುತ್ತದೆ. ಇಪ್ಪತ್ತು ಲಕ್ಷ ದಾಟಿದ ನಗರದಲ್ಲಿ ಮೊದಲ ವರ್ಷ ತಿಂಗಳಿಗೆ 4,000, ಎರಡನೆಯ ವರ್ಷ 5,000 ರೂಪಾಯಿ. ನಾಲ್ಕರಿಂದ ಇಪ್ಪತ್ತು ಲಕ್ಷದ ಊರಲ್ಲಿ 3,000 ಮತ್ತು 4,000. ನಾಲ್ಕು ಲಕ್ಷಕ್ಕೆ ಕಡಿಮೆ ಇದ್ದರೆ 2,000 ಮತ್ತು 3,000. ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 2011ರ ಗಣತಿಯಲ್ಲಿ ಒಂಬತ್ತು ಲಕ್ಷ ದಾಟಿತ್ತು, ಗದಗ-ಬೆಟಗೇರಿಯದು ಎರಡು ಲಕ್ಷದ ಒಳಗೆ. ಅಂದರೆ ಗದಗದಲ್ಲೋ ರೋಣದಲ್ಲೋ ಎರಡು ವರ್ಷ ದುಡಿದವನಿಗೆ ಕೊನೆಗೆ ಸಿಗುವ ಕನಿಷ್ಠ ಮೊತ್ತ 60,000, ಹುಬ್ಬಳ್ಳಿಯಲ್ಲಿ 84,000, ಬೆಂಗಳೂರಿನಲ್ಲಿ 1,08,000. ಹೆಚ್ಚು ಕೊಡುವ ಆಫೀಸುಗಳೂ ಇವೆ, ನಿಜ. ಕನಿಷ್ಠವನ್ನೇ ಗರಿಷ್ಠವೆಂದು ತಿಳಿದ ಆಫೀಸುಗಳು ಅವಕ್ಕಿಂತ ಹೆಚ್ಚಿವೆ. ಸಣ್ಣ ಊರಲ್ಲಿ ಖರ್ಚು ಕಡಿಮೆ ಎಂಬುದು ಈ ನಿಯಮದ ತರ್ಕ. ಸಣ್ಣ ಊರಿನ ಹುಡುಗನ ಕ್ಲಾಸಿನ ಫೀ, ಪುಸ್ತಕ, ಪರೀಕ್ಷಾ ಶುಲ್ಕ, ಲ್ಯಾಪ್‌ಟಾಪು ಬೆಂಗಳೂರಿನವನ ದರದಲ್ಲೇ ಬರುತ್ತವೆ ಎಂಬುದನ್ನು ಆ ತರ್ಕ ಮರೆತಿದೆ. ಅವನಿಗೆ ಅಗ್ಗವಾಗಿ ಸಿಗುವುದು ಅವ್ವನ ಕೈಯ ರೊಟ್ಟಿ ಮಾತ್ರ.

ಇನ್ನು ಹಾದಿ. ವಾರಕ್ಕೆ 35 ತಾಸು ಕೆಲಸ ಎಂಬುದು ನಿಯಮ. ಆರು ದಿನಕ್ಕೆ ಹಂಚಿದರೆ ದಿನಕ್ಕೆ ಆರು ತಾಸಿಗೂ ಕಡಿಮೆ. ಕೇಳಲು ಎಷ್ಟು ಹಗುರ! ರೋಣದಿಂದ ಗದಗ ನಲವತ್ತು ಕಿಲೋಮೀಟರಿನ ಆಜುಬಾಜು, ಗಜೇಂದ್ರಗಡದಿಂದ ಗದಗ ಐವತ್ತರ ಮೇಲೆ, ನರಗುಂದದಿಂದ ಹುಬ್ಬಳ್ಳಿಯೂ ಅಷ್ಟೇ. ಮನೆಯಿಂದ ನಿಲ್ದಾಣ, ಬಸ್ಸಿಗೆ ಕಾಯುವುದು, ಊರೂರಿಗೆ ನಿಲ್ಲುವ ಬಸ್ಸು, ಇಳಿದ ಮೇಲೆ ಆಫೀಸಿಗೆ ನಡಿಗೆ, ಎಲ್ಲ ಸೇರಿ ಒಂದು ಕಡೆಗೆ ಒಂದೂವರೆ ತಾಸು ಹಿಡಿಯಿರಿ. ದಿನಕ್ಕೆ ಮೂರು, ವಾರಕ್ಕೆ ಹದಿನೆಂಟು. ಆಫೀಸಿನ ಅರ್ಧದಷ್ಟು ಹೊತ್ತು ಬಸ್ಸಿನ ಸೀಟಿಗೆ ಹೋಯಿತು. ವರ್ಷಕ್ಕೆ ಐವತ್ತು ವಾರ ಹಿಡಿದರೆ ಒಂಬೈನೂರು ತಾಸು. ಕಿಟಕಿ ಪಕ್ಕ ಸೀಟು ಸಿಕ್ಕರೆ ಓದಬಹುದು ಅನ್ನುವವರು ನರೇಗಲ್ ದಾರಿಯ ಬಸ್ಸಿನಲ್ಲಿ ಸಂತೆಯ ದಿನ ಒಮ್ಮೆ ಕುಳಿತು ನೋಡಬೇಕು. ಆದರೂ ಈ ಹುಡುಗರು ಓದುತ್ತಾರೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಾಸ್ಟಿಂಗ್ ಪಾಠವನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾರೆ. ತಂತ್ರಜ್ಞಾನ ಈ ಸೀಮೆಗೆ ಮಾಡಿದ ಉಪಕಾರಗಳಲ್ಲಿ ಇದನ್ನು ದೊಡ್ಡದೆಂದೇ ಎಣಿಸುತ್ತೇನೆ. ಹತ್ತು ವರ್ಷದ ಹಿಂದೆ ಒಳ್ಳೆಯ ಕ್ಲಾಸು ಬೇಕೆಂದರೆ ಬೆಂಗಳೂರು, ಪುಣೆಗೆ ಟ್ರಂಕು ಕಟ್ಟಬೇಕಿತ್ತು.

ಹೆಣ್ಣುಮಕ್ಕಳ ಮಟ್ಟಿಗೆ ಹಾದಿಯ ಲೆಕ್ಕವೇ ಬದಲಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಖರ್ಚಿಲ್ಲ. ಎರಡು ಸಾವಿರ ಸ್ಟೈಪೆಂಡಿನಲ್ಲಿ ಬಸ್ ಚಾರ್ಜು ತೆಗೆದರೆ ಉಳಿಯುವುದೇನು ಎಂದು ಕೇಳುತ್ತಿದ್ದ ಅಪ್ಪಂದಿರ ಬಾಯಿ ಅಲ್ಲಿಗೆ ಕಟ್ಟಿತು. ಕಾಕತಾಳೀಯವೋ ಏನೋ, ಹೊಸ ಆರ್ಟಿಕಲ್ ಯೋಜನೆಯೂ ಶಕ್ತಿಯೂ ಒಂದೇ ಬೇಸಿಗೆಯ ಕೊನೆಗೆ, ಇಪ್ಪತ್ತು ದಿನದ ಅಂತರದಲ್ಲಿ ಬಂದವು. ಆದರೆ ರೊಕ್ಕದ ಅಡ್ಡಿ ಹೋದಲ್ಲಿ ಕತ್ತಲೆಯ ಅಡ್ಡಿ ಉಳಿದಿದೆ. ಸೆಪ್ಟೆಂಬರಿನಲ್ಲಿ ಆಫೀಸು ರಾತ್ರಿ ಒಂಬತ್ತರವರೆಗೆ ನಡೆಯುತ್ತದೆ. ರೋಣಕ್ಕೆ ಬಂದು ಇಳಿದು ಮುಂದೆ ಹಳ್ಳಿಗೆ ಹೋಗಬೇಕಾದ ಹುಡುಗಿ ಏನು ಮಾಡಬೇಕು? ಹುಡುಗರಿಗೆ ಆಡಿಟ್, ಹುಡುಗಿಯರಿಗೆ ಆಫೀಸಿನಲ್ಲಿ ಕುಳಿತು ರಿಟರ್ನ್ ತುಂಬುವ ಕೆಲಸ ಎಂದು ಹಂಚುವ ರೂಢಿ ಬೆಳೆಯುವುದು ಹೀಗೆಯೇ. ಹೊರಗಿನ ಆಡಿಟ್ಟಿಗೆ ಹೋಗದೆ ಕಲಿತ ಆಡಿಟ್ಟು ಈಜು ಕಲಿಯುವ ಪುಸ್ತಕದ ಹಾಗೆ.

ಆಡಿಟರ್ ಆಫೀಸಿಗೂ ಒಂದು ಪಂಚಾಂಗವಿದೆ. ಪ್ರತಿ ತಿಂಗಳು 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಜುಲೈಯಲ್ಲಿ ಆದಾಯ ತೆರಿಗೆ ರಿಟರ್ನಿನ ಸಾಲು, ಸೆಪ್ಟೆಂಬರ್ 30ಕ್ಕೆ ತೆರಿಗೆ ಆಡಿಟ್ ವರದಿ, ಡಿಸೆಂಬರ್ 31ಕ್ಕೆ ಜಿಎಸ್‌ಟಿ ವಾರ್ಷಿಕ ರಿಟರ್ನ್. ಇದರ ಪಕ್ಕದಲ್ಲಿ ನಮ್ಮ ಎರೆಭೂಮಿಯ ಪಂಚಾಂಗ ಇಟ್ಟು ನೋಡಿ. ಮುಂಗಾರಿ ಹೆಸರು ಬಿಡಿಸುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಒಂದು ಜಿಟಿಜಿಟಿ ಮಳೆ ಹಿಡಿದರೆ ಗಿಡದಲ್ಲೇ ಕಾಳು ಮೊಳಕೆಯೊಡೆಯುತ್ತದೆ, ಮನೆಮಂದಿಯೆಲ್ಲ ಹೊಲಕ್ಕೆ ಇಳಿಯಬೇಕು. ಆಮೇಲೆ ಉಳ್ಳಾಗಡ್ಡಿ, ಹಿಂಗಾರಿ ಬಿತ್ತನೆ. ಜನವರಿ, ಫೆಬ್ರುವರಿಗೆ ಒಣಮೆಣಸಿನಕಾಯಿ, ಕಡಲೆ, ಅದರ ಹಿಂದೆ ಬಿಳಿಜೋಳ.  ಹೆಸರು, ಆಡಿಟ್, ಓದು ಮೂರೂ ಒಂದೇ ತಿಂಗಳಲ್ಲಿ ಬಂದು ಕೂರುವ ಇಂಥ ಸೆಪ್ಟೆಂಬರ್ ಬೆಂಗಳೂರಿನ ಆರ್ಟಿಕಲ್ ಹುಡುಗನಿಗೆ ಗೊತ್ತಿಲ್ಲ. ‘ಟೈಮ್ ಟೇಬಲ್ ಹಾಕಿಕೊಳ್ಳಿ’ ಎನ್ನುವ ಉಪದೇಶಕರು ಹೆಸರಿನ ರಾಶಿಗೆ ಟೈಮ್ ಟೇಬಲ್ ಹಾಕಿ ತೋರಿಸಲಿ.

ಕೊನೆಯ ದಿನಾಂಕ ಮುಂದೆ ಹೋದರೆ ಸುಖ ಎಂದು ಹೊರಗಿನವರು ತಿಳಿಯುತ್ತಾರೆ. 2025ರಲ್ಲಿ ತೆರಿಗೆ ಆಡಿಟ್ ವರದಿಯ ಗಡುವು ಸೆಪ್ಟೆಂಬರ್ 30ರಿಂದ ಅಕ್ಟೋಬರ್ 31ಕ್ಕೆ, ಅಲ್ಲಿಂದ ನವೆಂಬರ್ 10ಕ್ಕೆ ಹೋಯಿತು. ರಿಟರ್ನಿನದು ಡಿಸೆಂಬರ್ 10ಕ್ಕೆ. ವರ್ತಕನಿಗೆ ಉಸಿರಾಡಲು ಹೊತ್ತು ಸಿಕ್ಕಿತು. ಆರ್ಟಿಕಲ್ ಹುಡುಗನಿಗೆ ಎರಡು ತಿಂಗಳ ಸುಗ್ಗಿ ನಾಲ್ಕು ತಿಂಗಳಾಯಿತು, ದಸರೆಯೂ ದೀಪಾವಳಿಯೂ ಅದರಲ್ಲೇ ಕರಗಿದವು. ಅದೇ ವರ್ಷ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತ್ತು. ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಫೋನಿಗೆ ಬಂದ ರೊಕ್ಕವೆಲ್ಲ ವ್ಯಾಪಾರವೇ ಎಂಬ ಲೆಕ್ಕಕ್ಕೆ ಹಾಲು, ಬೇಕರಿಯವರು ಗಾಬರಿಯಾದರು. ಯಾವುದು ತೆರಿಗೆ ಇಲ್ಲದ ಸರಕು, ಯಾವುದು ಅಳಿಯ ಕಳಿಸಿದ ಕೈಗಡ ಎಂದು ಸಾಲುಸಾಲಾಗಿ ಬಿಡಿಸುವ ಕೆಲಸ ಇಂಥ ಆಫೀಸುಗಳ ಹುಡುಗರ ಪಾಲಿಗೆ ಬಂತು.

ನರಗುಂದಕ್ಕೆ ನೋಟಿಸಿನ ನೆನಪು ಬೇರೆಯೇ ಇದೆ. ಮಲಪ್ರಭೆಯ ನೀರು ಸರಿಯಾಗಿ ಹೊಲ ಮುಟ್ಟುವ ಮೊದಲೇ ಅಭಿವೃದ್ಧಿ ಕರದ ಬಾಕಿ ಕಟ್ಟಿರಿ ಎಂದು ರೈತರ ಮನೆಗೆ ಬಂದ ಲೆಕ್ಕ 1980ರ ರೈತ ಬಂಡಾಯದ ಕಾರಣಗಳಲ್ಲಿ ಮುಖ್ಯವಾದದ್ದು. ಜುಲೈ 21ರ ಗೋಲಿಬಾರಿನಲ್ಲಿ ಪ್ರಾಣ ಕೊಟ್ಟವರ ವೀರಗಲ್ಲಿಗೆ ಪ್ರತಿ ವರ್ಷ ಜನ ಸೇರುತ್ತಾರೆ. 20ಕ್ಕೆ 3ಬಿ ಮುಗಿಸಿದ ಹುಡುಗ ಮರುದಿನ ಆ ಗುಂಪಿನಲ್ಲಿ ನಿಂತಿರುತ್ತಾನೆ. ಸರ್ಕಾರದ ಒಂದು ಅಂಕಿಯನ್ನು ಓದಿ, ಇದು ಸರಿ ಇದು ತಪ್ಪು ಎಂದು ಬರೆದು ಉತ್ತರ ಕೊಡಬಲ್ಲವನು ಊರಲ್ಲೇ ಒಬ್ಬ ಇರಬೇಕು ಎನ್ನುವುದನ್ನು ಆ ಊರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಕೆಲಸ ಓದಿಗೆ ಶತ್ರು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬಿ.ಕಾಂ. ಪುಸ್ತಕದಲ್ಲಿ ಕನ್ಸೈನ್‌ಮೆಂಟ್ ಎಂಬ ಅಧ್ಯಾಯವಿದೆ, ಅದರಲ್ಲಿ ಅಕೌಂಟ್ ಸೇಲ್ಸ್ ಎಂಬ ಕಾಗದವಿದೆ. ಮಾಲು ಮಾರಿದ ಏಜೆಂಟ್ ತನ್ನ ಖರ್ಚು, ಕಮಿಷನ್ ಕಳೆದು ಉಳಿದ ಮೊತ್ತವನ್ನು ಮಾಲೀಕನಿಗೆ ತೋರಿಸುವ ಲೆಕ್ಕ. ರೋಣದ ಹುಡುಗ ಅದನ್ನು ಗಟ್ಟು ಹೊಡೆದು ಒದ್ದಾಡುತ್ತಾನೆ. ಅವನ ಅಪ್ಪ ಗದಗದ ಎಪಿಎಂಸಿಗೆ ಮೆಣಸಿನಕಾಯಿ ಚೀಲ ಹಾಕಿ, ಹಮಾಲಿ, ತೂಕದ ಖರ್ಚು ಹಿಡಿದು ದಲಾಲರು ಬರೆದುಕೊಟ್ಟ ಪಟ್ಟಿಯನ್ನು ಅಂಗಿಯ ಕಿಸೆಯಲ್ಲಿ ಮಡಚಿ ತಂದಿರುತ್ತಾನಲ್ಲ, ಅದೇ ಇದು! ಆ ಪಟ್ಟಿಗೂ ಈ ಅಧ್ಯಾಯಕ್ಕೂ ನಂಟು ಇದೆ ಎಂದು ಕ್ಲಾಸಿನಲ್ಲಿ ಯಾರೂ ಹೇಳಲಿಲ್ಲ. ಗಜೇಂದ್ರಗಡದ ನೇಕಾರರ ಮನೆಯ ಹುಡುಗಿಗೂ ಹಾಗೆಯೇ. ಪಟ್ಟೆದಂಚಿನ ಸೀರೆಗೆ ನೂಲು ಕೊಟ್ಟವರು ಒಬ್ಬರು, ನೇಯ್ದು ಕೂಲಿ ಪಡೆದವರು ಇನ್ನೊಬ್ಬರು ಎಂಬ ಮನೆಯ ವ್ಯವಹಾರವನ್ನೇ ಜಿಎಸ್‌ಟಿ ಪುಸ್ತಕ ಜಾಬ್ ವರ್ಕ್ ಎಂದು ಕರೆಯುತ್ತದೆ. ಜಮಾ, ನಾವೆ, ಉದ್ರಿ, ಕೈಗಡ, ಬಾಕಿ ಎಂದು ಮನೆಯಲ್ಲಿ ಕೇಳಿ ಬೆಳೆದವರು ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬೇಕು, ಕನ್ನಡಕ್ಕೆ ಅವಕಾಶವಿಲ್ಲ. ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿದವರಿಗೆ ಇಂಟರ್ ಕಾನೂನಿನ ಪೇಪರು ಕಷ್ಟವಾಗುವುದು ಕಾನೂನಿನಿಂದಲ್ಲ. ಪ್ರತಿ ಪೇಪರಿಗೆ 40, ಗ್ರೂಪಿಗೆ ಸರಾಸರಿ 50 ಅಂಕ ಬೇಕು. ಎಲ್ಲದರಲ್ಲೂ ನಲವತ್ತು ದಾಟಿ ಒಟ್ಟಿನಲ್ಲಿ ನಾಲ್ಕೈದು ಅಂಕಕ್ಕೆ ಜಾರಿದವರನ್ನು ಬೇಕಾದಷ್ಟು ಕಂಡಿದ್ದೇನೆ.

ಇಲ್ಲೇ ಆಫೀಸು ಗುರುವಾಗಬಹುದು. ಸೌಹಾರ್ದ ಸಹಕಾರಿಯ ಆಡಿಟ್ಟಿಗೆ ಹೋಗಿ ವಸೂಲಾಗದ ಸಾಲಕ್ಕೆ ಎಷ್ಟು ತೆಗೆದಿಡಬೇಕೆಂದು ಕೈಯಾರೆ ಲೆಕ್ಕ ಹಾಕಿದವನಿಗೆ ಆಡಿಟಿಂಗ್ ಪೇಪರಿನ ಅರ್ಧ ಓದದೆಯೇ ಬರುತ್ತದೆ. ಸಂಜೆ ಹತ್ತು ನಿಮಿಷ ಕೂರಿಸಿಕೊಂಡು ‘ಇವತ್ತು ನೀ ಹಾಕಿದ ಎಂಟ್ರಿ ಯಾಕ್ ಹಂಗ?’ ಎಂದು ಕೇಳುವ ಆಡಿಟರರು ನಮ್ಮ ಕಡೆ ಇದ್ದಾರೆ; ಅವರ ಕೈಯಲ್ಲಿ ಪಳಗಿದವರು ಬೇರೆಯೇ ಕಾಣುತ್ತಾರೆ. ಎರಡು ವರ್ಷವೂ ಬ್ಯಾಂಕ್ ಸ್ಟೇಟ್‌ಮೆಂಟನ್ನು ಟ್ಯಾಲಿಗೆ ಇಳಿಸುವುದರಲ್ಲೇ ಕಳೆಯಿಸುವ ಆಫೀಸುಗಳೂ ಇವೆ. ಅಂಥಲ್ಲಿ ಹುಡುಗ ನಾಲ್ಕಕ್ಕೆ ಎದ್ದರೇನು, ಮೂರಕ್ಕೆ ಎದ್ದರೇನು.

ಸದ್ಯ ಇನ್ನೊಂದು ತೊಡಕು ಸೇರಿದೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ ಬಂದ 2025ರ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 2025-26ರ ಫೈಲುಗಳು ಮಾತ್ರ ಹಳೆಯ ಕಾಯ್ದೆಗೇ ಸೇರುತ್ತವೆ. ಆಫೀಸಿನಲ್ಲಿ ತೆರಿಗೆ ಆಡಿಟ್ಟಿಗೆ 44ಎಬಿ ಎಂದು ಬರೆದ ಹುಡುಗ ರಾತ್ರಿ ಅದನ್ನೇ 63 ಎಂದು ಓದಬೇಕು; 80ಸಿ ಈಗ 123. ದಿವಾನಜಿಗಳು ಮೋಡಿ ಲಿಪಿಯಿಂದ ಬಾಳಬೋಧ ಅಕ್ಷರಕ್ಕೆ ಹೊರಳಿದಾಗ ಹೀಗೇ ತಡವರಿಸಿದ್ದಿರಬೇಕು.

ಡಮ್ಮಿ ಎಂಬ ಪಿಡುಗಿನ ಬಗ್ಗೆ ಎರಡೇ ಮಾತು. ಹೆಸರು ಒಬ್ಬ ಆಡಿಟರರ ರಿಜಿಸ್ಟರಿನಲ್ಲಿ, ಹುಡುಗ ಎಲ್ಲೋ ದೂರದ ಕೋಚಿಂಗ್ ಹಾಸ್ಟೆಲ್ಲಿನಲ್ಲಿ. ಸಂಸ್ಥೆ ಇದನ್ನು ಶಿಸ್ತಿನ ತಪ್ಪೆಂದು ನೋಡುತ್ತದೆ, ನಡೆಯುವುದು ಎಲ್ಲರಿಗೂ ಗೊತ್ತು. ಪರೀಕ್ಷೆ ಪಾಸಾಗಿ ಬಂದ ಇಂಥವರ ಮುಂದೆ ಪತ್ತಿನ ಸಂಘದ ಕೈಬರಹದ ರೋಜು ಕೀರ್ದಿ ಇಟ್ಟರೆ ಬೆವರುತ್ತಾರೆ. ಕೆಲಸ ಮತ್ತು ಓದಿನ ಸಮತೋಲ ಸಾಧಿಸಲು ಒಂದನ್ನು ಬಿಟ್ಟೇಬಿಡುವುದು ನನಗೆ ಉಪಾಯವಾಗಿ ಕಾಣುವುದಿಲ್ಲ.

ಸಿಎ ಏಣಿಯ ಹೊರಗೂ ಲೆಕ್ಕ ಕಲಿಯುತ್ತ ದುಡಿಯುವ ಯುವಕರು ಈ ಮೂರು ಊರಲ್ಲಿ ತುಂಬ ಇದ್ದಾರೆ; ಅವರ ಸಂಖ್ಯೆಯೇ ಹೆಚ್ಚು. ಜಿನ್ನಿಂಗ್ ಮಿಲ್ಲಿನಲ್ಲಿ, ಬೀಜ-ಗೊಬ್ಬರದ ಅಂಗಡಿಯಲ್ಲಿ ಟ್ಯಾಲಿ ನೋಡಿಕೊಳ್ಳುತ್ತ ಕರ್ನಾಟಕ ವಿಶ್ವವಿದ್ಯಾಲಯದ ಬಿ.ಕಾಂ. ಮುಗಿಸುವವರು, ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ ಹೆಸರು ಹಚ್ಚಿದವರು. ಆರ್ಟಿಕಲ್ ಹುಡುಗನಾದರೆ ಡಿಗ್ರಿ ಜೊತೆಗೆ ಓದಲು 112ನೇ ನಮೂನೆಯಲ್ಲಿ ಸಂಸ್ಥೆಯ ಅನುಮತಿ ಪಡೆಯಬೇಕು. ಅವನ ತಾಸುಗಳಿಗೆ, ರಜೆಗೆ ಕಾಗದದ ಮೇಲಾದರೂ ಒಂದು ನಿಯಮವಿದೆ. ಅಂಗಡಿಯ ಹುಡುಗನಿಗೆ ಅದೂ ಇಲ್ಲ. ಸೆಮಿಸ್ಟರ್ ಪರೀಕ್ಷೆಯ ದಿನ ‘ಮಧ್ಯಾಹ್ನ ಬಂದ ಬಿಡು’ ಎಂದು ಸಾವಕಾರರು ಹೇಳಿದರೆ ಅದೇ ರಜೆ.

ಬೇರೆ ಕಡೆ ಹೇಗಿದೆ? ಈ ಪದ್ಧತಿ ನಮಗೆ ಬಂದದ್ದು ಬ್ರಿಟನ್ನಿನಿಂದ. 1880ರಲ್ಲಿ ಸ್ಥಾಪನೆಯಾದ ಇಂಗ್ಲೆಂಡ್ ಮತ್ತು ವೇಲ್ಸಿನ ಸಂಸ್ಥೆಯ ಕಾಲದಲ್ಲಿ ಆರ್ಟಿಕಲ್ ಸೇರಲು ಹುಡುಗನ ಅಪ್ಪನೇ ಆಫೀಸಿಗೆ ರೊಕ್ಕ ಕಟ್ಟುತ್ತಿದ್ದ. ಇದನ್ನು ಕೇಳಿದರೆ ನಮ್ಮ ಎರಡು ಸಾವಿರ ದೊಡ್ಡದಾಗಿ ಕಾಣಬಹುದು. ಅಲ್ಲೀಗ ಕನಿಷ್ಠ 450 ದಿನಗಳ ಕೆಲಸದ ಅನುಭವವನ್ನು ದಿನಗಳ ಲೆಕ್ಕದಲ್ಲಿ ಕೇಳುತ್ತಾರೆ. ತರಬೇತಿಯ ಹುಡುಗ ಸಂಬಳದ ನೌಕರ. ಪರೀಕ್ಷೆಗೆ ಬಿಡುವು ಎಷ್ಟು, ಕ್ಲಾಸಿನ ಫೀ ಯಾರು ಕಟ್ಟಬೇಕು ಎನ್ನುವುದು ಸಾಮಾನ್ಯವಾಗಿ ಕೆಲಸಕ್ಕೆ ಸೇರುವ ದಿನವೇ ಒಪ್ಪಂದದಲ್ಲಿ ಬರೆದಿರುತ್ತದೆ. ಅವರ ಸಂಬಳ ನಮಗೆ ಎಟುಕುವುದಿಲ್ಲ. ಬರೆದಿಡುವುದಕ್ಕೆ ಮಾತ್ರ ಖರ್ಚಿಲ್ಲ.

ಹಾಗಾದರೆ ರೋಣದ ಹುಡುಗ ಬೆಂಗಳೂರಿಗೆ ಹೋಗಬೇಕೋ, ಗದಗದಲ್ಲೇ ಇರಬೇಕೋ? ದೊಡ್ಡ ಕಂಪನಿಯ ಆಡಿಟ್ ಕಲಿಯಬೇಕೆಂದರೆ ಬೆಂಗಳೂರೇ ಸರಿ. ಅಲ್ಲಿ ಹತ್ತು ಜನ ಸೇರಿ ಒಂದು ಕಂಪನಿಯ ಒಂದು ಮೂಲೆ ನೋಡುತ್ತಾರೆ. ಗದಗ, ಹುಬ್ಬಳ್ಳಿಯ ಆಫೀಸಿನಲ್ಲಿ ಒಬ್ಬನೇ ಹುಡುಗ ದಲಾಲಿ ಅಂಗಡಿಯಿಂದ ಹಿಡಿದು ಮಠದ ಟ್ರಸ್ಟಿನವರೆಗೆ, ವೋಚರಿನಿಂದ ತಾಳೆಪಟ್ಟಿಯವರೆಗೆ ಪೂರ್ತಿ ನೋಡುತ್ತಾನೆ. ಊರಿಗೆ ಮರಳಿ ಪ್ರ್ಯಾಕ್ಟೀಸ್ ಮಾಡುವ ಮನಸ್ಸಿದ್ದವನು ಇಲ್ಲೇ ಕಲಿಯುವುದು ಲೇಸು. ದಿನಾ ಓಡಾಡುವ ಬದಲು ಕಡೆಯ ಪಕ್ಷ ಸೆಪ್ಟೆಂಬರಿನಿಂದ ದೀಪಾವಳಿಯ ತನಕ ಇಬ್ಬರು ಮೂವರು ಸೇರಿ ಗದಗದಲ್ಲಿ ಒಂದು ಖೋಲಿ ಹಿಡಿಯಲಿ. ಬಸ್ಸಿನ ಹದಿನೆಂಟು ತಾಸು ವಾಪಸು ಸಿಗುತ್ತದೆ.

ಈ ಭಾಗದಲ್ಲಿ ಪ್ರ್ಯಾಕ್ಟೀಸ್ ಮಾಡುತ್ತಿರುವ ಹಿರಿಯ ಆಡಿಟರರಲ್ಲಿ ನನ್ನದೊಂದು ವಿನಂತಿ. ಹುಡುಗನ ನೋಂದಣಿ ಕಾಗದಕ್ಕೆ ಸಹಿ ಹಾಕುವ ದಿನವೇ ಇನ್ನೊಂದು ಬಿಳಿ ಹಾಳೆ ತೆಗೆದುಕೊಳ್ಳಿ. ವರ್ಷದ 12 ದಿನ ರಜೆ ಯಾವಾಗ, ಡಿಗ್ರಿ ಪರೀಕ್ಷೆಯ ದಿನಗಳಿಗೆ ಏನು ವ್ಯವಸ್ಥೆ, ರೋಣ, ನರಗುಂದ, ಗಜೇಂದ್ರಗಡದ ಕೊನೆಯ ಬಸ್ಸು ಎಷ್ಟಕ್ಕೆ, ಹುಡುಗಿಯಾದರೆ ಹೊರಗಿನ ಆಡಿಟ್ಟಿಗೆ ಯಾರ ಜೊತೆ ಹೋಗುತ್ತಾಳೆ, ಇಷ್ಟನ್ನು ಅದರಲ್ಲಿ ಬರೆದು ಇಬ್ಬರೂ ಸಹಿ ಮಾಡಿ ಒಂದು ಪ್ರತಿ ಅವರ ಕೈಗೆ ಕೊಡಿ. ಬಾಯಿಮಾತಿನ ಲೆಕ್ಕವನ್ನು ನೀವು ಯಾವ ಕಕ್ಷಿದಾರನಿಂದಲೂ ಒಪ್ಪಿಕೊಳ್ಳುವುದಿಲ್ಲವಲ್ಲ.